ಎಡಿಟಿಂಗ್ ಟೇಬಲ್‌ನಿಂದ ನಿರ್ಮಾಪಕರ ಕುರ್ಚಿಗೆ

(ಸಾಕ್ಷ್ಯಚಿತ್ರ ಕಲಿಯುತ್ತಿರುವ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಾಕ್ಷ್ಯಚಿತ್ರದ ಎಡಿಟರ್ ಏನು ಕೆಲಸ ಮಾಡುತ್ತಾರೆ ಅಂತ ಕೇಳಿದರೆ, "ಬೇಡದ್ದನ್ನು ಕತ್ತರಿಸಿ ತೆಗೆಯುತ್ತಾರೆ" ಅನ್ನುವ ಉತ್ತರವೇ ಜಾಸ್ತಿ ಸಿಗುತ್ತದೆ. ಇದನ್ನೇ ನಂಬಿಕೊಂಡು ಈ ವೃತ್ತಿಗೆ ಬಂದರೆ ಕಷ್ಟ. ಕಥಾಚಿತ್ರಕ್ಕೆ ಚಿತ್ರೀಕರಣ ಶುರುವಾಗುವ ಮೊದಲೇ ಚಿತ್ರಕಥೆ ಇರುತ್ತದೆ. ಯಾರು ಬರುತ್ತಾರೆ, ಏನು ಮಾತಾಡುತ್ತಾರೆ, ಆಮೇಲೆ ಏನಾಗುತ್ತದೆ, ಎಲ್ಲವೂ ಕಾಗದದ ಮೇಲಿರುತ್ತದೆ. ಸಾಕ್ಷ್ಯಚಿತ್ರದಲ್ಲಿ ಕ್ಯಾಮೆರಾ ಮೊದಲು ಹೋಗುತ್ತದೆ, ಕಥೆ ಆಮೇಲೆ ಬರುತ್ತದೆ. 80 ನಿಮಿಷದ ಚಿತ್ರಕ್ಕೆ 100 ಗಂಟೆ, 200 ಗಂಟೆ ಫುಟೇಜ್ (ಚಿತ್ರೀಕರಿಸಿದ ದೃಶ್ಯಗಳು) ಬಂದು ಬೀಳುವುದು ಈಗ ಮಾಮೂಲು. ಅದರೊಳಗೆ ಚಿತ್ರ ಎಲ್ಲಿದೆ ಅಂತ ಹುಡುಕಿ, ಅದಕ್ಕೊಂದು ಶುರು, ನಡು, ಕೊನೆ ಕೊಡುವವರು ನಿರ್ದೇಶಕರು ಮತ್ತು ಎಡಿಟರ್, ಇಬ್ಬರೂ ಸೇರಿ. ಸಾಕ್ಷ್ಯಚಿತ್ರವನ್ನು ಬರೆಯುವುದು ಎಡಿಟಿಂಗ್ ಟೇಬಲ್ ಮೇಲೆಯೇ.

ಬರೆಯುವುದಕ್ಕೆ ಸಮಯ ಬೇಕು. ಆ ಸಮಯವನ್ನು ಯಾರಾದರೂ ದುಡ್ಡು ಹೊಂದಿಸಿ ತಂದುಕೊಡಬೇಕು. ಅವರೇ ನಿರ್ಮಾಪಕರು. ನಾನು ಎಡಿಟಿಂಗ್‌ನಲ್ಲಿ ಬೆಳೆದು ನಿರ್ಮಾಣಕ್ಕೆ ಬಂದವಳು. ನಿರ್ಮಾಪಕರ ಕೆಲಸಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಎಡಿಟಿಂಗ್‌ಗೆ ಸಾಕಷ್ಟು ವಾರ ಉಳಿಸಿಕೊಡುವುದು ಅಂತ ನಾನು ನಂಬಿದ್ದೇನೆ. ಆ ವಾರಗಳ ಬೆಲೆ ಎಡಿಟರ್‌ಗೆ ಗೊತ್ತಿರುತ್ತದೆ. ಅದಕ್ಕೇ ಎಡಿಟರ್ ಒಳ್ಳೆಯ ನಿರ್ಮಾಪಕರಾಗಬಲ್ಲರು. ಇವತ್ತು ಇದನ್ನೇ ಬಿಡಿಸಿ ಹೇಳುತ್ತೇನೆ.

ಮೊದಲು ನಮ್ಮ ವೃತ್ತಿಯ ಹಿರಿಯರನ್ನು ನೆನೆಯೋಣ. 1929ರಲ್ಲಿ ಸೋವಿಯತ್ ನಿರ್ದೇಶಕ ಝೀಗಾ ವೆರ್ತೋವ್ ಮಾಡಿದ 'ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ' ಚಿತ್ರದಲ್ಲಿ ಒಂದು ಭಾಗ ಬರುತ್ತದೆ. ಓಡುತ್ತಿದ್ದ ಚಿತ್ರ ತಟ್ಟನೆ ನಿಲ್ಲುತ್ತದೆ. ಫಿಲ್ಮ್ ಪಟ್ಟಿ ಕಾಣುತ್ತದೆ. ಒಬ್ಬ ಮಹಿಳೆ ಮೇಜಿನ ಮುಂದೆ ಕೂತು ಪಟ್ಟಿಗಳನ್ನು ನೋಡುತ್ತಾರೆ, ಕತ್ತರಿಸುತ್ತಾರೆ, ಜೋಡಿಸುತ್ತಾರೆ. ನಿಂತುಹೋಗಿದ್ದ ಮುಖಗಳಿಗೆ ಮತ್ತೆ ಚಲನೆ ಬರುತ್ತದೆ. ಆಕೆ ಎಲಿಜವೆಟಾ ಸ್ವಿಲೋವಾ. ಆ ಚಿತ್ರದ ಎಡಿಟರ್, ವೆರ್ತೋವ್ ಅವರ ಪತ್ನಿ. ಸುಮಾರು ನೂರು ವರ್ಷದ ಹಿಂದೆಯೇ ಒಂದು ಚಿತ್ರ ತನ್ನ ಎಡಿಟರನ್ನು ತೆರೆಯ ಮೇಲೆ ತಂದು ಕೂರಿಸಿತ್ತು. ಇವತ್ತಿಗೂ ಎಷ್ಟು ಪೋಸ್ಟರ್‌ಗಳ ಮೇಲೆ ಎಡಿಟರ್ ಹೆಸರು ಕಾಣುತ್ತದೆ, ನೀವೇ ಯೋಚಿಸಿ.

ಹೆಲೆನ್ ವಾನ್ ಡಾಂಗನ್ ಅಂತ ಇನ್ನೊಬ್ಬರು. ಮೂಲ ಆಮ್‌ಸ್ಟರ್‌ಡ್ಯಾಮ್. ಡಚ್ ನಿರ್ದೇಶಕ ಯೋರಿಸ್ ಇವೆನ್ಸ್ ಅವರ ಚಿತ್ರಗಳನ್ನು ಎಡಿಟ್ ಮಾಡಿದರು, ಆಮೇಲೆ ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಜೊತೆ ಕೆಲಸ ಮಾಡಿದರು. ಫ್ಲಾಹರ್ಟಿಯವರದು ಮನಸ್ಸಿಗೆ ಬಂದಷ್ಟು ಚಿತ್ರೀಕರಿಸುವ ಸ್ವಭಾವ. 1948ರ 'ಲೂಯಿಸಿಯಾನಾ ಸ್ಟೋರಿ' ಚಿತ್ರಕ್ಕೆ ಹೆಲೆನ್ ಎಡಿಟರ್ ಕೂಡ ಹೌದು, ಸಹಾಯಕ ನಿರ್ಮಾಪಕಿ ಕೂಡ ಹೌದು. ಚಿತ್ರೀಕರಣದ ಜಾಗದಲ್ಲೇ ಇದ್ದು, ಬಂದ ಫುಟೇಜ್ ನೋಡುತ್ತಾ, ಇನ್ನೇನು ಬೇಕು, ಏನು ಸಾಕು ಅನ್ನುವ ಲೆಕ್ಕ ಇಟ್ಟವರು ಅವರು. ದಿನಚರಿಯನ್ನೂ ಬರೆದಿಟ್ಟಿದ್ದರು, ಅದು ಮುಂದೆ ಪುಸ್ತಕವಾಯಿತು. ನಾನು ಈಗ ಮಾಡುತ್ತಿರುವ ಕೆಲಸದ ನಕ್ಷೆ ಅಲ್ಲಿ ಪೂರ್ತಿ ಇದೆ.

ಮೂರನೆಯವರು ಷಾರ್ಲೆಟ್ ಜ್ವೆರಿನ್. ಇವರ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. 1969ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಅನ್ನುವ ರಾಕ್ ತಂಡದ ಸಂಗೀತ ಕಾರ್ಯಕ್ರಮ ನಡೆಯಿತು. ವೇದಿಕೆಯ ಹತ್ತಿರದಲ್ಲೇ ಒಬ್ಬ ಯುವಕನ ಕೊಲೆಯಾಯಿತು. ಆ ತಂಡದ ಬಗ್ಗೆ ಚಿತ್ರ ಮಾಡುತ್ತಿದ್ದ ಮೇಸಲ್ಸ್ ಸಹೋದರರ ಕ್ಯಾಮೆರಾದಲ್ಲಿ ಅದು ದಾಖಲಾಗಿಬಿಟ್ಟಿತು. ಈಗ ಏನು ಮಾಡುವುದು? ಸುಮ್ನೆ ನಡೆದ ಕ್ರಮದಲ್ಲಿ ಜೋಡಿಸಿದರೆ, ಹಾಡು, ಕುಣಿತ, ಕೊನೆಗೊಂದು ಸಾವು. ಸಾವು ರೋಚಕ ಕೊನೆಯಾಗಿಬಿಡುತ್ತದೆ. ಜ್ವೆರಿನ್ ಬೇರೆ ದಾರಿ ಸೂಚಿಸಿದರು. ತಂಡದವರನ್ನೇ ಎಡಿಟಿಂಗ್ ಕೋಣೆಗೆ ಕರೆಸಿ, ಫುಟೇಜ್ ತೋರಿಸಿ, ಅವರು ನೋಡುವುದನ್ನು ಚಿತ್ರೀಕರಿಸೋಣ ಅಂದರು. ತಂಡದ ಗಾಯಕ ಮಿಕ್ ಜಾಗರ್ ಪುಟ್ಟ ಪರದೆಯ ಮುಂದೆ ಕೂತು ಆ ಕ್ಷಣವನ್ನು ನೋಡುತ್ತಾರೆ. ಹಿಂದಕ್ಕೆ ಓಡಿಸಿ ತೋರಿಸಿ ಅನ್ನುತ್ತಾರೆ. ಸಾವು ಶುರುವಿನಲ್ಲೇ ಗೊತ್ತಾಗಿಬಿಡುವುದರಿಂದ, ಪ್ರತಿ ಹಾಡನ್ನೂ ನಾವು ಅದರ ನೆರಳಲ್ಲೇ ಕೇಳುತ್ತೇವೆ. 1970ರ 'ಗಿಮ್ಮೀ ಶೆಲ್ಟರ್' ನಿಂತಿರುವುದು ಈ ಯೋಚನೆಯ ಮೇಲೆ. ಚಿತ್ರದ ನಿರ್ದೇಶಕರ ಪಟ್ಟಿಯಲ್ಲಿ ಸಹೋದರರಿಬ್ಬರ ಜೊತೆ ಜ್ವೆರಿನ್ ಹೆಸರೂ ಇದೆ. ಚಿತ್ರೀಕರಣವೆಲ್ಲ ಮುಗಿದಿದೆ ಅಂದುಕೊಂಡ ಮೇಲೆ, ಎಡಿಟರ್ ಒಬ್ಬರು ಇನ್ನೊಂದು ಸಲ ಕ್ಯಾಮೆರಾ ತೆಗೆಯಿಸಿದರು. ಅದಕ್ಕೆ ಹೂಂ ಅನ್ನುವುದು, ಖರ್ಚು ಒಪ್ಪುವುದು ನಿರ್ಮಾಣದ ಕೆಲಸ. ಎರಡೂ ಕೆಲಸ ಎಷ್ಟು ಹತ್ತಿರ ಅಂತ ಇಲ್ಲಿ ನೋಡಬಹುದು.

ಈಗ ನಿಮ್ಮ ವಿಷಯಕ್ಕೆ ಬರೋಣ. ಈ ದಾರಿ ಎಲ್ಲಿಂದ ಶುರು? ಬಹಳ ಜನರಿಗೆ ಅಸಿಸ್ಟೆಂಟ್ ಎಡಿಟರ್ ಕೆಲಸದಿಂದ. ಕಾರ್ಡ್‌ಗಳಲ್ಲಿ ಬಂದ ಫುಟೇಜನ್ನು ಡ್ರೈವ್‌ಗೆ ಇಳಿಸುವುದು, ಚಿತ್ರ ಮತ್ತು ಧ್ವನಿಯನ್ನು ಹೊಂದಿಸುವುದು, ದಿನಾಂಕ, ಜಾಗ, ವ್ಯಕ್ತಿ ನೋಡಿ ಬಿನ್‌ಗಳಲ್ಲಿ (ಎಡಿಟಿಂಗ್ ಸಾಫ್ಟ್‌ವೇರ್‌ನ ಫೋಲ್ಡರ್‌ಗಳು) ವಿಂಗಡಿಸುವುದು, ಸಂದರ್ಶನಗಳನ್ನು ಅಕ್ಷರಕ್ಕೆ ಇಳಿಸಿ ಟೈಮ್‌ಕೋಡ್, ಅಂದರೆ ಯಾವ ಮಾತು ಫುಟೇಜ್‌ನಲ್ಲಿ ಎಷ್ಟನೇ ಸೆಕೆಂಡಿನಲ್ಲಿದೆ ಅನ್ನುವ ಗುರುತು, ಹಾಕುವುದು. ಬ್ಯಾಕಪ್ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಮೂರು ಪ್ರತಿ, ಎರಡು ಬೇರೆ ಬೇರೆ ಥರದ ಸಾಧನಗಳಲ್ಲಿ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಕಥಾಚಿತ್ರದ ಶಾಟ್ ಹಾಳಾದರೆ ನಟರನ್ನು ಮತ್ತೆ ಕರೆಸಬಹುದು. ಸಾಕ್ಷ್ಯಚಿತ್ರದಲ್ಲಿ ಆ ದಿನ ಮತ್ತೆ ಬರುವುದಿಲ್ಲ.

ಈ ಕೆಲಸ ಬೇಸರದ್ದು ಅಂತ ಅನ್ನಿಸಬಹುದು. ಆದರೆ ಇಡೀ ತಂಡದಲ್ಲಿ ಪ್ರತಿ ನಿಮಿಷದ ಫುಟೇಜನ್ನೂ ನೋಡುವವರು ಅಸಿಸ್ಟೆಂಟ್ ಒಬ್ಬರೇ ಆಗಿರುತ್ತಾರೆ. ಯಾವ ಮೂಲೆಯಲ್ಲಿ ಏನಿದೆ ಅಂತ ಗೊತ್ತಿರುವವರು ಅವರು. "ಆ ಹುಡುಗ ಬಾಗಿಲ ಹತ್ತಿರ ತಿರುಗಿ ನೋಡಿದ ಶಾಟ್ ಒಂದಿತ್ತಲ್ವಾ?" ಅಂತ ಎಡಿಟರ್ ಕೇಳಿದಾಗ ಎರಡು ನಿಮಿಷದಲ್ಲಿ ತೆಗೆದುಕೊಟ್ಟರೆ, ಮುಂದಿನ ಚಿತ್ರಕ್ಕೆ ನಿಮ್ಮನ್ನೇ ಕರೆಯುತ್ತಾರೆ.

16 ಎಂಎಂ ಫಿಲ್ಮ್ ಕಾಲದಲ್ಲಿ 400 ಅಡಿಯ ಒಂದು ರೋಲ್ ಸುಮಾರು 11 ನಿಮಿಷ ಓಡುತ್ತಿತ್ತು. ರೋಲ್‌ಗೆ ದುಡ್ಡು, ಲ್ಯಾಬ್‌ಗೆ ದುಡ್ಡು. ಹಾಗಾಗಿ ಕ್ಯಾಮೆರಾ ಆನ್ ಮಾಡುವ ಮೊದಲೇ ಯೋಚಿಸುತ್ತಿದ್ದರು. ಈಗ ಕ್ಯಾಮೆರಾ ಗಂಟೆಗಟ್ಟಲೆ ಓಡುತ್ತದೆ. ಚಿತ್ರೀಕರಣದಲ್ಲಿ ಉಳಿದ ದುಡ್ಡು ಎಡಿಟಿಂಗ್‌ನಲ್ಲಿ ಖರ್ಚಾಗುತ್ತದೆ. ಫುಟೇಜ್ ದುಪ್ಪಟ್ಟಾದರೆ ಬರೀ ನೋಡುವುದಕ್ಕೇ ದುಪ್ಪಟ್ಟು ದಿನ ಬೇಕು. ಬಜೆಟ್ ಬರೆಯುವವರಲ್ಲಿ ಬಹಳ ಜನ ಈ ಸರಳ ಲೆಕ್ಕವನ್ನೇ ಹಾಕುವುದಿಲ್ಲ. ದಿನಕ್ಕೆ 6 ಗಂಟೆ ಫುಟೇಜ್ ಗಮನವಿಟ್ಟು ನೋಡುವುದೇ ದೊಡ್ಡ ಮಾತು. 200 ಗಂಟೆ ನೋಡಿ ಮುಗಿಸುವಷ್ಟರಲ್ಲಿ ಒಂದು ತಿಂಗಳು ದಾಟಿರುತ್ತದೆ, ಇನ್ನೂ ಒಂದು ಕಟ್ ಕೂಡ ಹಾಕಿರುವುದಿಲ್ಲ.

ಸಮಯ, ಸಮಯ ಅಂತ ನಾನು ಹೇಳುತ್ತಲೇ ಇದ್ದೇನೆ. ಆ ಸಮಯದಲ್ಲಿ ನಿಜವಾಗಿ ಏನು ನಡೆಯುತ್ತದೆ ಅಂತ ಒಂದು ದೃಶ್ಯ ಇಟ್ಟುಕೊಂಡು ತೋರಿಸುತ್ತೇನೆ.

ನಾನು ಎಡಿಟ್ ಮಾಡಿದ ಒಂದು ಚಿತ್ರದಲ್ಲಿ ನಿವೃತ್ತ ನರ್ಸ್ ಒಬ್ಬರ ಸಂದರ್ಶನ ಇತ್ತು. ಬಹಳ ವರ್ಷದ ಹಿಂದೆ ಅವರ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಬೆಂಕಿ ಬಿದ್ದಿತ್ತು. ನಿರ್ದೇಶಕರು ಕೇಳುತ್ತಾರೆ: "ಆ ರಾತ್ರಿ ನೀವು ವಾರ್ಡಿನಲ್ಲೇ ಇದ್ರಾ ಅಮ್ಮಾ?" ಅವರು ಕನ್ನಡಕ ತೆಗೆಯುತ್ತಾರೆ. ಒರೆಸುತ್ತಾರೆ. ಮತ್ತೆ ಹಾಕಿಕೊಳ್ಳುತ್ತಾರೆ. "ಇದ್ದೆ" ಅನ್ನುತ್ತಾರೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ 11 ಸೆಕೆಂಡ್. ಆಮೇಲೆ ಹೇಳುತ್ತಾರೆ: "ಕೀಲಿ ನನ್ನ ಹತ್ರಾನೇ ಇತ್ತು. ಬಾಗಿಲು ತೆಗೆದೆ. ಎಲ್ಲರನ್ನೂ ಹೊರಗೆ ಕಳಿಸೋಕೆ ಆಗ್ಲಿಲ್ಲ."

ಮೊದಲ ಸಲ ಆ 11 ಸೆಕೆಂಡನ್ನು ಒಂದು ಸೆಕೆಂಡಿಗೆ ಇಳಿಸಿ ನೋಡಿದೆವು. "ಇದ್ರಾ?" "ಇದ್ದೆ." ಕೋರ್ಟಿನಲ್ಲಿ ಸಾಕ್ಷಿ ಹೇಳಿದ ಹಾಗಾಯಿತು. ಆಕೆ ಗಟ್ಟಿ ಮನಸ್ಸಿನವರು, ಆ ರಾತ್ರಿಯನ್ನು ದಾಟಿ ಬಂದಿದ್ದಾರೆ ಅನ್ನಿಸಿತು. ಅದು ನಿಜವಲ್ಲ. ಎರಡನೇ ಸಲ ಮೌನವನ್ನು ಪೂರ್ತಿ ಇಟ್ಟು, ಅದರ ಮೇಲೆ ಹಳೆಯ ಆಸ್ಪತ್ರೆಯ ಕಾರಿಡಾರ್ ಶಾಟ್ ಹಾಕಿದೆವು. ಚೆನ್ನಾಗಿ ಕಾಣುತ್ತಿತ್ತು, ಆದರೆ ನೋಡುವವರ ಕಣ್ಣು ಕಾರಿಡಾರ್ ಕಡೆ ಹೋಗಿ, ಆಕೆ ಒಬ್ಬರೇ ಉಳಿದುಬಿಟ್ಟರು. ಮೂರನೇ ಸಲ ಏನೂ ಮುಟ್ಟದೆ, ಮುಖವನ್ನು ಹಾಗೇ ಬಿಟ್ಟೆವು. ಆಗಲೂ ದೃಶ್ಯ ಕೂಡಿಬರಲಿಲ್ಲ. ಅದಕ್ಕೂ ಮೊದಲಿನ ದೃಶ್ಯದಲ್ಲಿ ನಾಲ್ಕು ಜನ ಬಡಬಡ ಮಾತಾಡುತ್ತಿದ್ದರು. ಆ ಓಟದಿಂದ ಬಂದ ಪ್ರೇಕ್ಷಕರಿಗೆ ಈ ಮೌನ ಬರೀ ತಡವಾಗಿ ಕಂಡಿತು. ಕೊನೆಗೆ ಹಿಂದಿನ ದೃಶ್ಯವನ್ನು ಬೇರೆ ಕಡೆ ಸರಿಸಿ, ಆಕೆ ಮನೆಯಲ್ಲಿ ಗಿಡಗಳಿಗೆ ನೀರು ಹಾಕುವ ಶಾಟ್ ತಂದು, ಅದರ ಶಬ್ದ ಇನ್ನೂ ಕೇಳುತ್ತಿರುವಾಗಲೇ ಸಂದರ್ಶನದೊಳಕ್ಕೆ ಬಂದೆವು. ಆಗ 11 ಸೆಕೆಂಡ್ 11 ಸೆಕೆಂಡಾಗಿಯೇ ನಿಂತಿತು.

ಇದೆಲ್ಲ ಒಂದೇ ದಿನದಲ್ಲಿ ಗೊತ್ತಾಗುವುದಿಲ್ಲ. ಜೋಡಿಸಿ, ಬಿಟ್ಟು, ಬೇರೆ ದೃಶ್ಯ ಮಾಡಿ, ವಾಪಸ್ ಬಂದು ನೋಡಬೇಕು. ಹೊಸಬರಿಗೆ ತೋರಿಸಬೇಕು. ತೋರಿಸುವಾಗ ತೆರೆಯ ಕಡೆ ನೋಡಬೇಡಿ, ನೋಡುತ್ತಿರುವವರ ಕಡೆ ನೋಡಿ. ಎಲ್ಲಿ ಕುರ್ಚಿಯಲ್ಲಿ ಹೊರಳಾಡುತ್ತಾರೆ, ಎಲ್ಲಿ ಉಸಿರು ಹಿಡಿಯುತ್ತಾರೆ, ಅಲ್ಲೇ ನಿಮ್ಮ ಉತ್ತರ ಇರುತ್ತದೆ. ಆಮೇಲೆ ಅವರು ಬಾಯಲ್ಲಿ ಹೇಳುವ ಅಭಿಪ್ರಾಯಕ್ಕಿಂತ ನಾನು ಇದನ್ನೇ ಜಾಸ್ತಿ ನಂಬುತ್ತೇನೆ.

ಒಂದು ಚಿಕ್ಕ ವಿಷಯ, ಮರೆಯುವ ಮುಂಚೆ ಹೇಳಿಬಿಡುತ್ತೇನೆ. ಸಂದರ್ಶನ ಮುಗಿದ ಮೇಲೆ ಧ್ವನಿಮುದ್ರಕರು ಎಲ್ಲರನ್ನೂ ಒಂದು ನಿಮಿಷ ಸುಮ್ಮನಿರಿ ಅಂತ ಕೇಳುತ್ತಾರಲ್ವಾ, ಅದೇ ರೂಮ್ ಟೋನ್. ಕೋಣೆಯ ಖಾಲಿ ಶಬ್ದ. ಪ್ರತಿ ಕೋಣೆಗೂ ತನ್ನದೇ ಶಬ್ದ ಇರುತ್ತದೆ. ಮಾತಿನ ನಡುವಿನ ತೇಪೆಗಳನ್ನು ಮುಚ್ಚುವುದು ಅದರಿಂದಲೇ. ತಂಡಕ್ಕೆ ಹಸಿವಾಗಿರುತ್ತದೆ, ಹೊರಡುವ ಗಡಿಬಿಡಿ ಇರುತ್ತದೆ, ಆದರೂ ಆ ಒಂದು ನಿಮಿಷ ಬಿಡಬೇಡಿ.

ಈಗ ಅದೇ ನರ್ಸ್ ಸಂದರ್ಶನದ ಇನ್ನೊಂದು ಮುಖ. ಆಕೆ ಎರಡು ಗಂಟೆ ಮಾತಾಡಿದ್ದರು. ಬಹಳ ಹೊತ್ತಿನ ನಂತರ, ಬೆಂಕಿಗೆ ಸಂಬಂಧವೇ ಇಲ್ಲದೆ, ಮಗಳ ಹಳೆಯ ಪೆಟ್ಟಿಗೆಯ ಬಗ್ಗೆ ಹೇಳುವಾಗ "ತೆಗೆಯೋಕೆ ಮನಸ್ಸಾಗ್ಲಿಲ್ಲ" ಅಂದಿದ್ದರು. "ಕೀಲಿ ನನ್ನ ಹತ್ರಾನೇ ಇತ್ತು" ಅನ್ನುವ ವಾಕ್ಯದ ಪಕ್ಕಕ್ಕೆ ಇದನ್ನು ತಂದು ಜೋಡಿಸಿ ನೋಡಿ. ಮಧ್ಯದಲ್ಲಿ ಕೈಗಳ ಒಂದು ಶಾಟ್ ಹಾಕಿ ತೇಪೆ ಮುಚ್ಚಿದರೆ ಯಾರಿಗೂ ಗೊತ್ತಾಗುವುದಿಲ್ಲ. ಜೀವ ಉಳಿಸಲು ಓಡಾಡಿದವರು ಕೊಲೆಗಾರರಾಗಿಬಿಡುತ್ತಾರೆ. ಎರಡೂ ಮಾತು ಅವರೇ ಆಡಿದ್ದು, ಎರಡೂ ಅವರದೇ ಧ್ವನಿ. ನಮ್ಮ ಕೈಯಲ್ಲಿರುವ ಶಕ್ತಿ ಇಷ್ಟು ಭಯಂಕರವಾದದ್ದು. ಇಷ್ಟು ಕೆಟ್ಟದಾಗಿ ಯಾರೂ ಬೇಕಂತ ಮಾಡುವುದಿಲ್ಲ. ಆದರೆ ಇದರ ಚಿಕ್ಕ ರೂಪಗಳು ದಿನವೂ ನಡೆಯುತ್ತವೆ. ನಾಳೆ ಬೆಳಿಗ್ಗೆ ಚಿತ್ರ ಕಳಿಸಬೇಕು, ದೃಶ್ಯ ಇನ್ನೂ ಕೂತಿಲ್ಲ, ಅರ್ಧ ವಾಕ್ಯ ಇಲ್ಲಿಂದ, ಅರ್ಧ ವಾಕ್ಯ ಅಲ್ಲಿಂದ. ಮೂಲ ಸಂದರ್ಶನವನ್ನು ಮತ್ತೊಮ್ಮೆ ಪೂರ್ತಿ ಕೇಳಲು ಸಮಯ ಇದ್ದಿದ್ದರೆ ಅದು ಆಗುತ್ತಿರಲಿಲ್ಲ.

ಅನುಭವಸ್ಥ ಎಡಿಟರ್‌ಗಳು ಒಂದು ಅಂದಾಜು ಹೇಳುತ್ತಾರೆ: ಮುಗಿದ ಚಿತ್ರದ ಪ್ರತಿ 10 ನಿಮಿಷಕ್ಕೆ ಒಂದು ತಿಂಗಳ ಎಡಿಟಿಂಗ್. 80 ನಿಮಿಷಕ್ಕೆ ಎಂಟು ತಿಂಗಳು. ಹಣ ಹಾಕುವವರಿಗೆ ಇದು ಕೇಳಿದರೆ ಗಾಬರಿಯಾಗುತ್ತದೆ. ನಾಲ್ಕು ತಿಂಗಳಲ್ಲಿ ಮುಗಿಸೋಣ ಅನ್ನುತ್ತಾರೆ. ಆಮೇಲೆ ಅದೇ ಚಿತ್ರ ಒಂಬತ್ತನೇ ತಿಂಗಳಿಗೂ ಎಳೆಯುತ್ತದೆ, ಕೊನೆಯ ತಿಂಗಳುಗಳಲ್ಲಿ ಎಡಿಟರ್‌ಗೆ ಸಂಬಳ ಇರುವುದಿಲ್ಲ. ನಾನು ನಿರ್ಮಾಪಕಿಯಾಗಿ ಬಜೆಟ್ ಬರೆಯುವಾಗ ಮೊದಲು ಬರೆಯುವ ಸಾಲು ಎಡಿಟಿಂಗ್ ವಾರಗಳದ್ದು. ಅದನ್ನು ಬರೆದ ಮೇಲೆ ಚಿತ್ರೀಕರಣದ ದಿನಗಳು. ದುಡ್ಡು ಸಾಲದಿದ್ದರೆ ಚಿತ್ರೀಕರಣದ ದಿನ ಕಡಿಮೆ ಮಾಡುತ್ತೇನೆ, ಎಡಿಟಿಂಗ್ ಮುಟ್ಟುವುದಿಲ್ಲ. ನಿರ್ದೇಶಕರ ಜೊತೆ ಜಗಳ ಆಗುತ್ತದೆ. ಆಗಲಿ.

ಹಕ್ಕುಗಳ ವಿಷಯದಲ್ಲೂ ಎಡಿಟರ್ ಕಣ್ಣು ಬಹಳ ಉಪಯೋಗಕ್ಕೆ ಬರುತ್ತದೆ. ಹಳೆಯ ಸುದ್ದಿಚಿತ್ರಗಳ ತುಣುಕು ಬೇಕಾದರೆ ಸೆಕೆಂಡ್ ಅಥವಾ ನಿಮಿಷದ ಲೆಕ್ಕದಲ್ಲಿ ದುಡ್ಡು ಕೊಡಬೇಕು. ಯಾವ ದೇಶಗಳಲ್ಲಿ, ಯಾವ ಮಾಧ್ಯಮದಲ್ಲಿ, ಎಷ್ಟು ವರ್ಷ, ಎಲ್ಲದಕ್ಕೂ ಬೇರೆ ಬೇರೆ ದರ. ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟದ ಮೇಲೆ ಹೆನ್ರಿ ಹ್ಯಾಂಪ್ಟನ್ ನಿರ್ಮಿಸಿದ 'ಐಸ್ ಆನ್ ದ ಪ್ರೈಸ್' ಸರಣಿ 1987ರಲ್ಲಿ ಬಂತು. ಅದರಲ್ಲಿ ಬಳಸಿದ್ದ ಹಳೆಯ ದೃಶ್ಯ, ಫೋಟೊ, ಸಂಗೀತದ ಪರವಾನಗಿಗಳಿಗೆ ಅವಧಿ ಇತ್ತು. ಅವಧಿ ಮುಗಿದ ಮೇಲೆ ಆ ಸರಣಿಯನ್ನು ಟಿವಿಯಲ್ಲಿ ತೋರಿಸುವ ಹಾಗಿರಲಿಲ್ಲ. ಹಣ ಹೊಂದಿಸಿ, ಹಕ್ಕುಗಳನ್ನು ಮತ್ತೆ ಪಡೆದು, 2006ರಲ್ಲಿ ಅದು ವಾಪಸ್ ತೆರೆಗೆ ಬಂತು. ಅಷ್ಟು ಮುಖ್ಯವಾದ ಕೆಲಸ, ಅಷ್ಟು ವರ್ಷ ಕಪಾಟಿನಲ್ಲಿ.

ಹಾಗಾಗಿ ರಫ್ ಕಟ್‌ನಲ್ಲೇ, ಅಂದರೆ ಚಿತ್ರದ ಮೊದಲ ಕಚ್ಚಾ ಜೋಡಣೆಯಲ್ಲೇ, ನಾನು ಎಡಿಟಿಂಗ್ ಸಾಫ್ಟ್‌ವೇರ್‌ನ ಟೈಮ್‌ಲೈನ್ ಮೇಲೆ ಬಣ್ಣ ಹಚ್ಚಿ ಗುರುತು ಮಾಡುತ್ತೇನೆ. ನಮ್ಮದೇ ಫುಟೇಜ್ ಒಂದು ಬಣ್ಣ, ಹಣ ಕೊಟ್ಟು ತರಬೇಕಾದದ್ದು ಒಂದು ಬಣ್ಣ, ಯಾರದು ಅಂತ ಇನ್ನೂ ಗೊತ್ತಿಲ್ಲದ್ದು ಕೆಂಪು. ಹಿನ್ನೆಲೆಯಲ್ಲಿ ರೇಡಿಯೊ ಹಾಡು ಕೇಳುತ್ತಿದ್ದರೂ ಕೆಂಪು. ಹಾಡಿಗೆ ಎರಡು ಹಕ್ಕು, ರಚನೆಯದ್ದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಪಿಕ್ಚರ್ ಲಾಕ್ ಆದ ಮೇಲೆ, ಅಂದರೆ ದೃಶ್ಯಗಳ ಜೋಡಣೆ ಇನ್ನು ಬದಲಾಗುವುದಿಲ್ಲ ಅಂತ ತೀರ್ಮಾನಿಸಿದ ಮೇಲೆ, ಇದು ಗೊತ್ತಾದರೆ ಇಡೀ ದೃಶ್ಯ ಬಿಚ್ಚಬೇಕಾಗುತ್ತದೆ.

ಚಿತ್ರದಲ್ಲಿ ಕಾಣಿಸಿಕೊಳ್ಳುವವರಿಂದ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರದ ಬಗ್ಗೆಯೂ ಹೇಳಬೇಕು. ಅಮೆರಿಕದ ನಿರ್ದೇಶಕ ಫ್ರೆಡರಿಕ್ ವೈಸ್‌ಮನ್ ತಮ್ಮ ಚಿತ್ರಗಳನ್ನು ತಾವೇ ನಿರ್ಮಿಸಿ, ತಾವೇ ಎಡಿಟ್ ಮಾಡಿದವರು. 1967ರ ಅವರ 'ಟಿಟಿಕಟ್ ಫಾಲೀಸ್' ಮ್ಯಾಸಚುಸೆಟ್ಸ್ ರಾಜ್ಯದಲ್ಲಿ, ಅಪರಾಧ ಎಸಗಿದ ಮನೋರೋಗಿಗಳನ್ನು ಇಟ್ಟಿದ್ದ ಒಂದು ಸಂಸ್ಥೆಯೊಳಗೆ ತೆಗೆದದ್ದು. ಅಲ್ಲಿದ್ದವರ ಖಾಸಗಿತನಕ್ಕೆ ಧಕ್ಕೆ ಅನ್ನುವ ಕಾರಣಕ್ಕೆ ಕೋರ್ಟು ಸಾರ್ವಜನಿಕ ಪ್ರದರ್ಶನವನ್ನು ತಡೆಯಿತು. ನಿರ್ಬಂಧ ತೆರವಾಗಿದ್ದು 1991ರಲ್ಲಿ. ಆ ಸಂಸ್ಥೆಯ ಒಳಗೆ ನಡೆಯುತ್ತಿದ್ದದ್ದನ್ನು ಜನ ನೋಡಲೇಬೇಕಿತ್ತು ಅಂತ ನನಗೆ ಅನ್ನಿಸುತ್ತದೆ. ಅಲ್ಲಿದ್ದವರು ತಮ್ಮ ಒಪ್ಪಿಗೆಯ ಅರ್ಥ ತಿಳಿದು ಹೂಂ ಅನ್ನುವ ಸ್ಥಿತಿಯಲ್ಲಿದ್ದರಾ ಅನ್ನುವ ಪ್ರಶ್ನೆಯೂ ಅಷ್ಟೇ ದೊಡ್ಡದು. ಪತ್ರದ ಮೇಲೆ ಸಹಿ ಇದ್ದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ನರ್ಸ್ ದೃಶ್ಯವನ್ನು ಲಾಕ್ ಮಾಡುವ ಮೊದಲು ನಾವು ಅವರಿಗೆ ತೋರಿಸಿದೆವು. ಬದಲಾಯಿಸುವ ಹಕ್ಕನ್ನು ಬರೆದುಕೊಟ್ಟಿರಲಿಲ್ಲ, ಆದರೂ ತೋರಿಸಿದೆವು. ಇದಕ್ಕೂ ಒಂದು ವಾರ ಬೇಕು. ಅದನ್ನೂ ಬಜೆಟ್‌ನಲ್ಲಿ ಬರೆದಿಡಿ.

ಹೊಟ್ಟೆಪಾಡಿನ ಮಾತು ಆಡದಿದ್ದರೆ ಈ ಉಪನ್ಯಾಸ ಅರ್ಧ ಆಗುತ್ತದೆ. ಎಡಿಟರ್‌ಗಳಲ್ಲಿ ಹೆಚ್ಚಿನವರು ಕಾಯಂ ನೌಕರಿಯಲ್ಲಿ ಇರುವುದಿಲ್ಲ. ಒಂದು ಚಿತ್ರ ಮುಗಿದು ಇನ್ನೊಂದು ಸಿಗುವ ನಡುವೆ ಖಾಲಿ ತಿಂಗಳು ಬರುತ್ತವೆ. ಟಿವಿ ಸಂಚಿಕೆ, ಸಂಸ್ಥೆಗಳ ಚಿತ್ರ, ಜಾಹೀರಾತು ಮಾಡಿ ಆ ತಿಂಗಳುಗಳನ್ನು ದಾಟಬೇಕು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಕೈ ಚುರುಕಾಗುತ್ತದೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ: ಇಡೀ ಚಿತ್ರಕ್ಕೆ ಇಷ್ಟು ಅಂತ ಒಪ್ಪಿಕೊಳ್ಳಬೇಡಿ, ವಾರಕ್ಕೆ ಇಷ್ಟು ಅಂತ ಮಾತಾಡಿ. ಎಷ್ಟು ವಾರ, ವಾರಕ್ಕೆ ಎಷ್ಟು ದಿನ, ಅದು ಮೀರಿದರೆ ಏನು, ಎಲ್ಲವೂ ಕಾಗದದ ಮೇಲೆ ಇರಲಿ. ಹೆಸರು ಯಾವ ರೀತಿ ಬರುತ್ತದೆ ಅನ್ನುವುದೂ ಇರಲಿ. ನೀವು ಹಣ ಹುಡುಕುವುದರಲ್ಲಿ, ಪಿಚ್‌ಗೆ (ಹಣ ಕೊಡುವವರ ಮುಂದೆ ಚಿತ್ರದ ಯೋಚನೆ ಮಂಡಿಸುವುದಕ್ಕೆ) ಬೇಕಾದ ಮಾದರಿ ತುಣುಕು ಕಟ್ಟುವುದರಲ್ಲಿ, ಹಕ್ಕುಗಳ ಮಾತುಕತೆಯಲ್ಲಿ ಕೈ ಜೋಡಿಸಿದ್ದರೆ ಸಹ ನಿರ್ಮಾಪಕ ಅನ್ನುವ ಹೆಸರನ್ನು ಮೊದಲೇ ಕೇಳಿ. ಸಂಕೋಚ ಬೇಡ. ಬಹಳ ಎಡಿಟರ್‌ಗಳು ನಿರ್ಮಾಪಕರಾಗಿದ್ದು ಆ ಮಾದರಿ ತುಣುಕಿನಿಂದಲೇ. ಮೂರು ನಿಮಿಷದಲ್ಲಿ ಈ ಚಿತ್ರ ಏನು, ಯಾರ ಬಗ್ಗೆ, ಯಾಕೆ ಈಗ ಅಂತ ತೋರಿಸಿಕೊಟ್ಟವರು, ಹಣ ಕೊಡುವವರ ಮುಂದೆ ನಿಂತು ಅದನ್ನೇ ಬಾಯಲ್ಲೂ ಹೇಳಬಲ್ಲರು.

ಉಪನ್ಯಾಸ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಕೇಳಿದರು: "ಮೇಡಂ, ಒಂದೇ ಚಿತ್ರಕ್ಕೆ ಎಡಿಟರ್, ನಿರ್ಮಾಪಕಿ ಎರಡೂ ಆಗಬಹುದಾ?"

ಆಗಬಹುದು. ಆದರೆ ಜಾಗ್ರತೆ ಬೇಕು. ನಿರ್ಮಾಪಕಿಯಾಗಿ ನಿಮಗೆ ಒಂದು ದೃಶ್ಯಕ್ಕೆ ಎಷ್ಟು ಖರ್ಚಾಗಿದೆ ಅಂತ ಗೊತ್ತಿರುತ್ತದೆ. ಎಡಿಟರ್‌ಗೆ ಅದು ಗೊತ್ತಿರಬಾರದು. ಮೂರು ದಿನ ಕಷ್ಟಪಟ್ಟು ತೆಗೆದ ದೃಶ್ಯ ಚಿತ್ರಕ್ಕೆ ಬೇಡವಾದರೆ ಬೇಡ, ಅಷ್ಟೇ. ಖರ್ಚು ನೆನಪಾದರೆ ಕೈ ಹಿಂಜರಿಯುತ್ತದೆ. ಹಾಗಾಗಿ ಎರಡೂ ಮಾಡುವಾಗ ನಾನು ಬಜೆಟ್‌ನಲ್ಲಿ ಇನ್ನೊಬ್ಬ ಎಡಿಟರ್‌ಗೆ ಎರಡು ವಾರದ ಸಂಬಳ ಇಟ್ಟಿರುತ್ತೇನೆ. ರಫ್ ಕಟ್ ಆದ ಮೇಲೆ ಅವರು ಬರುತ್ತಾರೆ. ಚಿತ್ರೀಕರಣದ ಕಥೆಗಳನ್ನು ಅವರಿಗೆ ಹೇಳುವುದಿಲ್ಲ. ಪ್ರಾಜೆಕ್ಟ್ ತೆರೆದುಕೊಟ್ಟು ನಾನು ಎದ್ದು ಹೋಗುತ್ತೇನೆ. ಅವರು ತೆಗೆದದ್ದನ್ನೆಲ್ಲ ನಾನು ಒಪ್ಪುತ್ತೇನೆ ಅಂತಲ್ಲ. ಆದರೆ ವಾಪಸ್ ಹಾಕುವ ಪ್ರತಿ ಶಾಟ್‌ಗೂ ನಿರ್ದೇಶಕರ ಮುಂದೆ ಕಾರಣ ಹೇಳಿಯೇ ಹಾಕುತ್ತೇನೆ.